ಹಿತ್ತಾಳೆಯ ಕಿಲುಬು: ಕಾಲುದೀಪದಿಂದ ಕಾಡತೂಸಿನವರೆಗೆ

ಉಡುಪಿ ಸಮೀಪದ ಕೆಮ್ಮಣ್ಣಿಗೆ ಸುವರ್ಣಾ ನದಿ ಹತ್ತಿರ, ಅರಬ್ಬೀ ಸಮುದ್ರವೂ ದೂರವಲ್ಲ. ಇಲ್ಲಿನ ಮಳೆಗಾಲದ ಗಾಳಿಯಲ್ಲಿ ನೀರಿನ ಪಸೆಯ ಜತೆಗೆ ಉಪ್ಪೂ ಉಂಟು. ಆಟಿ ಕಳೆದು ಸೋಣ ತಿಂಗಳ ಹೊಸ್ತಿಲು ಪೂಜೆಗೆಂದು ಹಿತ್ತಾಳೆಯ ಕಾಲುದೀಪವನ್ನು ಹೊರತೆಗೆದರೆ ಮೈಯೆಲ್ಲ ಕಪ್ಪು, ಸಂದುಗಳಲ್ಲಿ ಹಸಿರು ಕಿಲುಬು. ಹುಣಸೆಹುಳಿ, ಬೂದಿ ಹಚ್ಚಿ ತಿಕ್ಕಿದರೆ ಮತ್ತೆ ಹೊಳಪು. ಕರಾವಳಿಯ ಮನೆಗಳಿಗೆ ಇದು ವರ್ಷಂಪ್ರತಿಯ ಕೆಲಸ. ಆದರೆ ಇದೇ ಹಿತ್ತಾಳೆ ಮತ್ತು ಇದೇ ಮಳೆಗಾಲ ಒಂದು ಕಾಲದಲ್ಲಿ ಬ್ರಿಟಿಷ್ ಸೈನ್ಯವನ್ನೇ ಚಿಂತೆಗೀಡುಮಾಡಿದ್ದವು.

1857ರ ದಂಗೆಗೆ ಒಂದು ನೆಪವಾದ, ಕೊಬ್ಬು ಸವರಿದ ಕಾಡತೂಸುಗಳ ಹೊದಿಕೆ ಕಾಗದದ್ದು. ಮುಂದಿನ ದಶಕಗಳಲ್ಲಿ ಕಾಗದದ ಸ್ಥಾನಕ್ಕೆ ಹಿತ್ತಾಳೆ ಬಂತು. ಸುಮಾರು 70 ಪಾಲು ತಾಮ್ರ, 30 ಪಾಲು ಸತು ಬೆರೆಸಿದ ಹಿತ್ತಾಳೆಯನ್ನು ಬಿಲ್ಲೆಯಾಗಿ ಕತ್ತರಿಸಿ, ಹಂತಹಂತವಾಗಿ ಒತ್ತಿ ಎಳೆದು ಕೊಳವೆಯಾಗಿಸುತ್ತಾರೆ. ಗುಂಡು ಹಾರಿದಾಗ ಈ ಕೋಶ ಹಿಗ್ಗಿ ಕೋವಿಯ ಹಿಂಭಾಗವನ್ನು ಬಿಗಿಯಾಗಿ ಮುಚ್ಚುತ್ತದೆ; ಮರುಕ್ಷಣ ತುಸು ಕುಗ್ಗಿ ಸುಲಭವಾಗಿ ಹೊರಬರುತ್ತದೆ. ಹಿತ್ತಾಳೆಯನ್ನು ಆರಿಸಿದ್ದು ಈ ಗುಣಕ್ಕಾಗಿ.

ಭಾರತದಲ್ಲಿ ಮಳೆಗಾಲ ಬಂತೆಂದರೆ ಸೈನ್ಯದ ಓಡಾಟ ಕಡಿಮೆ. ಆ ತಿಂಗಳುಗಳಲ್ಲಿ ಮದ್ದುಗುಂಡುಗಳನ್ನು ಕುದುರೆಲಾಯಗಳಲ್ಲಿ ಇಡುವುದಿತ್ತು. ಮಳೆ ನಿಂತ ಮೇಲೆ ತೆರೆದು ನೋಡಿದರೆ ಹಲವು ಕಾಡತೂಸುಗಳಲ್ಲಿ ಬಿರುಕು. ಯಾರೂ ಬಡಿದಿಲ್ಲ, ಬೀಳಿಸಿಲ್ಲ. ಮಳೆಯ ಋತುವಿನೊಡನೆ ಕಾಣಿಸುತ್ತಿದ್ದ ಈ ರೋಗಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರೇ ಬಿತ್ತು.

ಕಾರಣ ಸ್ಪಷ್ಟವಾದದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ವಿಜ್ಞಾನಿಗಳು ಇದನ್ನು ವಿವರಿಸಿದರು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ ತೇವದ ಗಾಳಿಯಲ್ಲಿ ಸೇರಿ ಹಿತ್ತಾಳೆಗೆ ತಾಗುತ್ತಿತ್ತು. ಎಳೆದು ರೂಪಿಸುವಾಗಲೇ ಲೋಹದೊಳಗೆ ಬಿಗಿತವೊಂದು ಉಳಿದಿರುತ್ತಿತ್ತು. ಎರಡೂ ಕೂಡಿದಾಗ ಕೋಶ ಸೀಳುತ್ತಿತ್ತು. ತಯಾರಿಸಿದ ಕೋಶವನ್ನು ಹದವಾಗಿ ಕಾಯಿಸಿ ಒಳಬಿಗಿತ ಕಳೆಯುವುದು, ಅಮೋನಿಯಾದಿಂದ ದೂರವಿಡುವುದು, ಇವೇ ಪರಿಹಾರ. ಸೈನ್ಯದ ಕಾಡತೂಸಿನ ಕೊರಳಿನ ಬಳಿ ಕಾಣುವ ನೀಲಿಗಂದು ಛಾಯೆ ಹೀಗೆ ಕಾಯಿಸಿದ ಗುರುತು, ಅದು ಕೊಳೆಯಲ್ಲ.

ಹಾಗಾದರೆ ಬಣ್ಣಗೆಟ್ಟ ಹಿತ್ತಾಳೆಯೆಲ್ಲ ಕೆಟ್ಟಿತೆಂದು ಅರ್ಥವೇ? ಅಲ್ಲ. ಕಂದು ಬಣ್ಣ ಗಾಳಿಗೆ ಕಟ್ಟಿದ ತೆಳು ಪೊರೆ. ಒಳಗಿನ ಲೋಹಕ್ಕೆ ಅದು ಒಂದು ರಕ್ಷಣೆಯೇ. ಹಸಿರು ಕಿಲುಬು ಮಾತ್ರ ತೇವ, ಉಪ್ಪು, ಹುಳಿಗಳು ಲೋಹವನ್ನು ತಿನ್ನುತ್ತಿರುವುದರ ಸೂಚನೆ. ಹುಣಸೆಯ ಟಾರ್ಟಾರಿಕ್ ಆಮ್ಲವಾಗಲಿ, ಬಿಂಬುಳಿಯ ಆಕ್ಸಾಲಿಕ್ ಆಮ್ಲವಾಗಲಿ ಈ ಎರಡನ್ನೂ ಕರಗಿಸುತ್ತವೆ. ಹುಳಿಯಲ್ಲಿ ಹೆಚ್ಚು ಹೊತ್ತು ನೆನೆಸಿದರೆ ಹಿತ್ತಾಳೆ ಕೆಂಪಗಾಗುವುದುಂಟು. ಅದು ಹೊಳಪಲ್ಲ, ಮೇಲ್ಮೈಯ ಸತು ಕಳೆದು ತಾಮ್ರವಷ್ಟೇ ಉಳಿದ ಲಕ್ಷಣ.

ಹಾರಿಸಿ ಖಾಲಿಯಾದ ಕೋಶಗಳನ್ನು ನಿಂಬೆಹುಳಿಯ ತೆಳು ದ್ರಾವಣದಲ್ಲಿ ಕೆಲವೇ ನಿಮಿಷ ಇಟ್ಟು ತೊಳೆಯುತ್ತಾರೆ, ಇಲ್ಲವೇ ಮೆಕ್ಕೆಜೋಳದ ದಿಂಡಿನ ಪುಡಿಯೊಡನೆ ತಿರುಗಿಸಿ ಉಜ್ಜುತ್ತಾರೆ. ಅಮೋನಿಯಾ ಬೆರೆತ ಪಾಲಿಶ್ ಸಲ್ಲದು. ಮದ್ದು ತುಂಬಿದ ಕಾಡತೂಸನ್ನು ಮಾತ್ರ ನೆನೆಸುವುದು, ಕಾಯಿಸುವುದು, ಯಂತ್ರದಲ್ಲಿ ತಿರುಗಿಸುವುದು ಅಪಾಯ. ಬಿರುಕು ಬಿಟ್ಟದ್ದನ್ನಾಗಲಿ, ಕಿಲುಬು ಆಳವಾಗಿ ತಿಂದದ್ದನ್ನಾಗಲಿ ಹಾರಿಸಲೂಬಾರದು.

ಮನೆಯ ಕಾಲುದೀಪಕ್ಕೂ ಇದರಲ್ಲಿ ಪಾಠವುಂಟು. ಹುಳಿ ಹಚ್ಚಿ ಹಾಗೇ ಬಿಡದೆ, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ತೇವವಿಲ್ಲದ ಜಾಗದಲ್ಲಿಡಬೇಕು. ಪ್ರತಿ ಸಲ ತಿಕ್ಕಿದಾಗಲೂ ಕಿಲುಬಿನೊಡನೆ ಒಂದಿಷ್ಟು ಲೋಹವೂ ಹೋಗುತ್ತದೆ. ಅಜ್ಜಿಯ ಕಾಲದ ದೀಪದ ಕೆತ್ತನೆ ಮೊಮ್ಮಗಳ ಕಾಲಕ್ಕೂ ಉಳಿಯಬೇಕಾದರೆ ತುಸು ಕಂದು ಬಣ್ಣವನ್ನು ಸಹಿಸಿಕೊಳ್ಳುವುದೇ ಲೇಸು.