ಖಾಲಿ ಕೊಳ, ತುಂಬಿದ ಕೊಳ

ಸಾಗರದಂಥ ಬೆಳೆಯುವ ಊರಿಗೊಂದು ಸ್ಕೇಟ್‌ಪಾರ್ಕ್ ಎಂದಾಗ ನನಗೆ ನೆನಪಾಗುವುದು ಹೊಸನಗರ ತಾಲೂಕಿನ ದೇವಗಂಗೆ.

ಸ್ಕೇಟ್‌ಪಾರ್ಕಿನ ಬಟ್ಟಲಿಗೆ ಮಾದರಿ ನೀರಿಲ್ಲದ ಕೊಳ. 1976-77ರ ಬರದಲ್ಲಿ ಕ್ಯಾಲಿಫೋರ್ನಿಯಾದ ಮನೆಗಳ ಈಜುಕೊಳಗಳು ಬರಿದಾದವು. ಅವುಗಳ ಬಾಗಿದ ಗೋಡೆಗಳೇ ಅಲ್ಲಿನ ಹುಡುಗರಿಗೆ ಸ್ಕೇಟಿಂಗ್ ಮೈದಾನವಾದವು.

ದೇವಗಂಗೆಯದು ಇದರ ತಿರುವುಮುರುವು. ಕೆಳದಿ ಅರಸರ ಕಾಲದ ಈ ಕಲ್ಲಿನ ಕೊಳಗಳಲ್ಲಿ ಬೇಸಿಗೆಯಲ್ಲೂ ನೀರು ಹರಿಯುತ್ತದೆ. ನೀರು ಬರುವ, ಹೋಗುವ ದಾರಿಯನ್ನು ಲೆಕ್ಕ ಹಾಕಿಯೇ ಕಟ್ಟಿದ್ದಾರೆ. ಮಲೆನಾಡಿನ ಮಳೆಗೆ ಕಾಂಕ್ರೀಟ್ ಬಟ್ಟಲೂ ಒಂದು ಕೊಳವೇ. ನೀರು ಬಸಿಯಲು ದಾರಿ, ಮೇಲೊಂದು ಮಾಡು ಇಲ್ಲದಿದ್ದರೆ ಮಳೆಗಾಲವಿಡೀ ಪಾಚಿ.

ಆದರೆ ದೇವಗಂಗೆ ಅರಮನೆಯವರ ಕೊಳ. ಊರಿನ ಸ್ಕೇಟ್‌ಪಾರ್ಕ್ ಯಾರದು? ಮಧ್ಯಪ್ರದೇಶದ ಪನ್ನಾ ಬಳಿಯ ಜನ್ವಾರ್ ಹಳ್ಳಿಯಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ 2015ರಲ್ಲಿ ಒಂದನ್ನು ಕಟ್ಟಿಸಿದರು. ಅಲ್ಲಿ ಎರಡೇ ನಿಯಮ: ಶಾಲೆಗೆ ಹೋಗದಿದ್ದರೆ ಸ್ಕೇಟಿಂಗ್ ಇಲ್ಲ, ಹುಡುಗಿಯರು ಮೊದಲು. ಆದಿವಾಸಿ ಮಕ್ಕಳೂ ಯಾದವರ ಮಕ್ಕಳೂ ಅಲ್ಲಿ ಜೊತೆಯಾಗಿ ಆಡತೊಡಗಿದರು.

ಸಾಗರದಲ್ಲಾಗಲಿ ತೀರ್ಥಹಳ್ಳಿಯಲ್ಲಾಗಲಿ, ನಕ್ಷೆ ಬರೆಯುವ ದಿನವೇ ಚರಂಡಿಯ ಜೊತೆಗೆ ಇಂಥ ನಿಯಮವನ್ನೂ ಬರೆದಿಡಬೇಕು. ಇಲ್ಲದಿದ್ದರೆ ಅದು ದೊಡ್ಡ ಹುಡುಗರ ಅರಮನೆಯಾದೀತು.