ಗುರುವಾರದ ಸಾಲು, ಕ್ಲಿನಿಕ್ಕಿನ ಬೆಂಚು: ನಮ್ಮ ಮಕ್ಕಳ ಲಸಿಕೆಯ ಚರಿತ್ರೆ

ಕರ್ನಾಟಕದ ಯಾವ ತಾಲ್ಲೂಕು ಊರಿಗೆ ಹೋದರೂ ಮಗುವಿಗೆ ಲಸಿಕೆ ಹಾಕಿಸಲು ಎರಡು ಜಾಗಗಳಿರುತ್ತವೆ. ಒಂದು, ಸರ್ಕಾರಿ ಆಸ್ಪತ್ರೆ, ಉಪಕೇಂದ್ರ ಅಥವಾ ಅಂಗನವಾಡಿ. ಅಲ್ಲಿ ಹೆಚ್ಚಾಗಿ ಗುರುವಾರ ಬೆಳಿಗ್ಗೆ ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಂದಿರ ಸಾಲು. ಇನ್ನೊಂದು, ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲೋ ಮೆಡಿಕಲ್ ಶಾಪಿನ ಮಗ್ಗುಲಲ್ಲೋ ಇರುವ ಮಕ್ಕಳ ಡಾಕ್ಟರ ಕ್ಲಿನಿಕ್ಕು. ಅಲ್ಲಿ ಬೆಂಚಿನ ಮೇಲೆ ಟೋಕನ್ ಹಿಡಿದು ಕುಳಿತ ಅಜ್ಜಿ, ತಾಯಿ, ಮಗು. ಇವೆರಡನ್ನೂ ನಾವು ಬೇರೆ ಬೇರೆ ಎಂದೇ ಎಣಿಸುತ್ತ ಬಂದಿದ್ದೇವೆ. ಒಂದು ಬಡವರದು, ಇನ್ನೊಂದು ಕೈಯಲ್ಲಿ ನಾಲ್ಕು ಕಾಸು ಇರುವವರದು ಎಂಬ ಮಾತೂ ಬೆಳೆದಿದೆ. ನಮ್ಮ ವೃತ್ತಿಯ ಹಾದಿಯನ್ನು ನೆನೆಯುವ ಈ ಸಂಚಿಕೆಯಲ್ಲಿ, ಜೀವಮಾನವೆಲ್ಲ ಕ್ಲಿನಿಕ್ಕಿನಲ್ಲಿ ಕಳೆದ ಒಬ್ಬ ಮಕ್ಕಳ ವೈದ್ಯನಾಗಿ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಇವು ಒಂದೇ ಮನೆಯ ಎರಡು ಬಾಗಿಲುಗಳು. ಚರಿತ್ರೆ ಅದನ್ನೇ ಹೇಳುತ್ತದೆ.

ಅರಮನೆಯಿಂದ ಊರಿಗೆ

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ದನದ ಸಿಡುಬಿನ ಕೀವಿನಿಂದ ಮೊದಲ ಲಸಿಕೆ ಹಾಕಿದ್ದು 1796ರಲ್ಲಿ. ಭಾರತದಲ್ಲಿ ಅದನ್ನು ಮೊದಲು ಪಡೆದವಳು ಮುಂಬಯಿಯ ಆ್ಯನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿ. 1802ರ ಜೂನ್ 14ರಂದು. ಆಗ ಫ್ರಿಜ್ ಇರಲಿಲ್ಲ, ಐಸ್ ಪೆಟ್ಟಿಗೆ ಇರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಬೊಕ್ಕೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಾಗಿತ್ತು. ಹೀಗೆ ತೋಳಿನಿಂದ ತೋಳಿಗೆ ದಾಟುತ್ತಲೇ ಲಸಿಕೆ ಊರಿಂದೂರಿಗೆ ಹೋಯಿತು. ಒಂದು ಮಗು ಪಡೆದದ್ದನ್ನು ಮತ್ತೊಂದಕ್ಕೆ ಕೊಡಲೇಬೇಕಾಗಿದ್ದ ಕಾಲ ಅದು.

ಈ ಚರಿತ್ರೆಯಲ್ಲಿ ಮೈಸೂರಿಗೆ ಒಂದು ವಿಶೇಷ ಸ್ಥಾನವಿದೆ. 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಆ ಚಿತ್ರದಲ್ಲಿದ್ದಾರೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಒಬ್ಬಾಕೆ ಸೆರಗು ಸರಿಸಿ, ಲಸಿಕೆ ಹಾಕಿದ ತೋಳನ್ನು ತೋರಿಸುತ್ತಿದ್ದಾಳೆ. ಇನ್ನೊಬ್ಬಾಕೆಯ ಮುಖದ ಮೇಲಿನ ಬಣ್ಣಗೆಟ್ಟ ಗುರುತು ಹಳೆಯ ಕಾಲದ ಸಿಡುಬಿನ ಚುಚ್ಚಿನದು. ಹೊಸ ಲಸಿಕೆಯನ್ನು ಜನ ನಂಬಲೆಂದೇ ಈ ಚಿತ್ರ ಬರೆಸಿದ್ದು ಎಂಬುದು ಚಾನ್ಸೆಲರ್ ಅವರ ಅಭಿಪ್ರಾಯ. ಹೊರಗಿನವರ ಕಣ್ಣಿಗೇ ಬೀಳದ ರಾಣಿವಾಸದ ಹೆಂಗಸರು ತೋಳು ತೋರಿಸಿ ನಿಂತರೆ ಪ್ರಜೆಗಳಿಗೆ ಧೈರ್ಯ ಬರುತ್ತದೆ ಎಂಬ ಲೆಕ್ಕ. ನಂಬಿದವರು ಮುಂದೆ ನಿಂತು ತೋರಿಸಬೇಕು ಎಂಬ ಪಾಠ ನಮ್ಮ ನಾಡಿಗೆ ಇನ್ನೂರು ವರ್ಷಗಳಷ್ಟು ಹಳೆಯದು.

ಆದರೆ ಊರಿನಲ್ಲಿ ಸಿಡುಬೆಂದರೆ ಬರೀ ಕಾಯಿಲೆಯಲ್ಲ, ಅಮ್ಮ. ಮನೆಗೆ ಅಮ್ಮ ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು, ಒಗ್ಗರಣೆ ಹಾಕುತ್ತಿರಲಿಲ್ಲ, ಹೊರಗಿನವರು ಒಳಗೆ ಬರುತ್ತಿರಲಿಲ್ಲ. ಆ ಆಚರಣೆಯೊಳಗೆ ರೋಗಿಯನ್ನು ಬೇರೆ ಇಡುವ ಬುದ್ಧಿವಂತಿಕೆಯೂ ಇತ್ತು. ಅದನ್ನು ಹೀಯಾಳಿಸಿದ ಅಧಿಕಾರಿಗೆ ಊರು ಬಾಗಿಲು ಹಾಕಿಕೊಂಡಿತು. ಗೌರವದಿಂದ ಮಾತಾಡಿಸಿದವನಿಗೆ ತೋಳು ಕೊಟ್ಟಿತು.

ಬೆಳಗಾವಿಯ ತಿಲಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಹಸಿರು ಜಾಗ ಇಂದಿಗೂ ಇದೆ. ವಾಯುವಿಹಾರಕ್ಕೆ ಬರುವ ಎಷ್ಟೋ ಮಂದಿಗೆ ಆ ಹೆಸರಿನ ಹಿಂದಿನ ಕೆಲಸ ಮರೆತುಹೋಗಿದೆ. ದೇಶದಿಂದ ಸಿಡುಬನ್ನು ಓಡಿಸಿದ ಒಣಪುಡಿ ಲಸಿಕೆಯನ್ನು ತಯಾರಿಸಿದ ಭಾರತದ ಕೆಲವೇ ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಸಿಡುಬು ರೋಗಿ ಕಾಣಿಸಿಕೊಂಡರು. 1980ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ಅಜ್ಜ ಅಜ್ಜಿಯರ ತೋಳಿನ ದೊಡ್ಡ ಕಲೆಗಳು ಆ ಗೆಲುವಿನ ದಾಖಲೆ.

ಗೋಡೆಯ ಮೇಲಿನ ಆರು ಹೆಸರು

ಸಿಡುಬು ಹೋದ ಮೇಲೆ ಉಳಿದ ರೋಗಗಳ ಸರದಿ. 1978ರಲ್ಲಿ ದೇಶದ ವಿಸ್ತೃತ ಲಸಿಕಾ ಕಾರ್ಯಕ್ರಮ ಆರಂಭವಾಯಿತು. 1985ರಲ್ಲಿ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಗಿ ಹಂತಹಂತವಾಗಿ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಬಾಲಕ್ಷಯ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ: ಈ ಆರು ಹೆಸರುಗಳನ್ನು ಆರೋಗ್ಯ ಕೇಂದ್ರದ ಗೋಡೆಯ ಮೇಲೆ ನೀಲಿ ಅಕ್ಷರದಲ್ಲಿ ಓದುತ್ತಲೇ ನನ್ನ ತಲೆಮಾರಿನ ವೈದ್ಯರು ಕೆಲಸ ಕಲಿತರು. ಇಂದು ಕಾರ್ಯಕ್ರಮ ತಡೆಯುವ ರೋಗಗಳು ಹನ್ನೆರಡಾಗಿವೆ.

ಇದಕ್ಕೆ ಬೇಕಾದ ನೆಲವನ್ನು ಹದಮಾಡಿದವರು ಬೇರೆ ಇದ್ದರು. 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ತಾಯಿ ಮಕ್ಕಳಿಗೆಂದೇ ಬಾಗಿಲು ತೆರೆಯಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ 33 ಕಡೆ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಟಿ. ನರಸೀಪುರ. ಡಾ. ಅನುಪಮಾ ನಿರಂಜನ ಅವರ ‘ತಾಯಿ-ಮಗು’ ಮನೆಯ ಕಪಾಟಿಗೆ ಬಂದು, ವೈದ್ಯರು ಹೇಳಲು ಬಿಡುವಿಲ್ಲದ ಮಾತುಗಳನ್ನು ಬಸುರಿ ಬಾಣಂತಿಯರಿಗೆ ಕನ್ನಡದಲ್ಲೇ ತಿಳಿಸಿತು.

ಆ ಕಾಲದ ಒಂದು ದುಃಖವನ್ನು ಇಲ್ಲಿ ದಾಖಲಿಸಬೇಕು. ಹುಟ್ಟಿದಾಗ ಚೆನ್ನಾಗಿಯೇ ಹಾಲು ಕುಡಿಯುತ್ತಿದ್ದ ಕೂಸು ಕೆಲವು ದಿನಗಳಲ್ಲಿ ಬಾಯಿ ಬಿಗಿದು, ಮೈ ಸೆಟೆದು, ಮುಟ್ಟಿದರೆ ಬೆಚ್ಚಿಬೀಳುತ್ತ ತೀರಿಕೊಳ್ಳುತ್ತಿತ್ತು. ಮನೆಯವರು ಬಾಲಗ್ರಹ ಎನ್ನುತ್ತಿದ್ದರು. ಕುಡುಗೋಲಿನಿಂದ ಕೊಯ್ದ, ಬೂದಿ ಹಚ್ಚಿದ ಹೊಕ್ಕುಳಬಳ್ಳಿಯ ಮೂಲಕ ಹೊಕ್ಕ ಧನುರ್ವಾಯು ಅದು. ಬಸುರಿಗೆ ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ, ಶುದ್ಧವಾದ ಬ್ಲೇಡು, ಇಷ್ಟೇ ಅದಕ್ಕೆ ಉತ್ತರ. ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನವಾಗಿದೆ ಎಂದು 2015ರಲ್ಲಿ ದೃಢಪಟ್ಟಿತು. ಇಂದಿನ ಕಿರಿಯ ವೈದ್ಯರಲ್ಲಿ ಎಷ್ಟೋ ಮಂದಿ ಅಂಥ ಒಂದು ಮಗುವನ್ನೂ ನೋಡಿಲ್ಲ. ಇದಕ್ಕಿಂತ ದೊಡ್ಡ ಸಂತೋಷ ನನಗಿಲ್ಲ.

ಪೆಟ್ಟಿಗೆ ಹೊತ್ತವರು

ಲಸಿಕೆ ಬಾಟಲಿ ತಯಾರಾದ ಕಾರ್ಖಾನೆಯಿಂದ ಮಗುವಿನ ತೊಡೆಯವರೆಗೂ 2ರಿಂದ 8 ಡಿಗ್ರಿ ತಣುಪಿನಲ್ಲೇ ಇರಬೇಕು. ದಿನಕ್ಕೆ ಎಂಟು ಗಂಟೆ ಕರೆಂಟ್ ಸಿಕ್ಕರೂ ತಣುಪು ಹಿಡಿದಿಡುವ ವಿಶೇಷ ಫ್ರಿಜ್‌ಗಳು ಆರೋಗ್ಯ ಕೇಂದ್ರದಲ್ಲಿವೆ. ಅಲ್ಲಿಂದ ಮುಂದಿನದು ಲಸಿಕೆ ಹೊತ್ತೊಯ್ಯುವ ನೀಲಿ ಪೆಟ್ಟಿಗೆಯ ಕೆಲಸ.

ಗುರುವಾರ ಬೆಳಿಗ್ಗೆ ಸಿಸ್ಟರ್ ಆ ಪೆಟ್ಟಿಗೆ ಕಟ್ಟುವುದನ್ನು ಹತ್ತಿರ ನಿಂತು ನೋಡಬೇಕು. ಫ್ರೀಜರಿನಿಂದ ನಾಲ್ಕು ಐಸ್ ಪ್ಯಾಕ್ ತೆಗೆದು ಮೇಜಿನ ಮೇಲೆ ಹರಡುತ್ತಾರೆ. ಕೂಡಲೇ ಪೆಟ್ಟಿಗೆಗೆ ಇಡುವುದಿಲ್ಲ. ಅವು ಬೆವರಬೇಕು. ಸ್ವಲ್ಪ ಹೊತ್ತಾದ ಮೇಲೆ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರಿನ ಸದ್ದು ಕೇಳಿಸಿದರೆ ಮಾತ್ರ ಇಡುವುದು. ಇಲ್ಲವಾದರೆ ಪೆಂಟಾವೇಲೆಂಟ್, ಡಿಪಿಟಿಯಂಥ ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ. ಆಮೇಲೆ ಬಾಟಲಿಯ ಮೇಲಿನ ಗುರುತು ನೋಡುತ್ತಾರೆ. ವೃತ್ತದ ನಡುವಿನ ಚೌಕ ಹೊರಗಿನ ಬಣ್ಣಕ್ಕಿಂತ ತೆಳುವಾಗಿದ್ದರೆ ಲಸಿಕೆ ಸರಿಯಿದೆ. ಎರಡೂ ಒಂದೇ ಬಣ್ಣವಾಗಿದ್ದರೆ ಶಾಖ ತಗುಲಿದೆ, ಬಳಸುವಂತಿಲ್ಲ. ದಡಾರ-ರುಬೆಲ್ಲಾ ಪುಡಿಯನ್ನು ಕಲಸಿದ ಹೊತ್ತನ್ನು ಬಾಟಲಿಯ ಮೇಲೇ ಬರೆಯುತ್ತಾರೆ, ನಾಲ್ಕು ಗಂಟೆ ದಾಟಿದರೆ ಚೆಲ್ಲುತ್ತಾರೆ. ಎಲ್ಲ ಮುಗಿದ ಮೇಲೆ ಮಗುವನ್ನು ಅರ್ಧ ಗಂಟೆ ಅಲ್ಲೇ ಕೂರಿಸಿ, “ಜ್ವರ ಬರಬಹುದು ಕಣಮ್ಮ, ಹೆದರಬೇಡ, ಎದೆಹಾಲು ಕೊಡ್ತಾ ಇರು, ಕಾರ್ಡು ಜೋಪಾನ” ಎಂದು ಹೇಳಿ ಕಳಿಸುತ್ತಾರೆ. ಆಶಾ ಕಾರ್ಯಕರ್ತೆ ಹಿಂದಿನ ದಿನವೇ ಮನೆಮನೆಗೆ ಹೋಗಿ ಕರೆದಿರುತ್ತಾಳೆ. ಬಾರದವರ ಮನೆಗೆ ಮತ್ತೆ ಹೋಗುತ್ತಾಳೆ.

ಈ ಶಿಸ್ತು ನಮ್ಮ ಖಾಸಗಿ ಕ್ಲಿನಿಕ್ಕುಗಳಿಗೂ ಮಾದರಿ. ಹವಾನಿಯಂತ್ರಿತ ಕೋಣೆ ಇದ್ದರೆ ಸಾಲದು. ಫ್ರಿಜ್ಜಿನ ಉಷ್ಣತೆಯನ್ನು ದಿನಕ್ಕೆರಡು ಸಲ ಬರೆದಿಡುವ ಅಭ್ಯಾಸ ಇರಬೇಕು.

ಪೋಲಿಯೊ ಕಲಿಸಿದ್ದು

ಎರಡು ಬಾಗಿಲುಗಳು ಪೂರ್ತಿಯಾಗಿ ಒಂದಕ್ಕೊಂದು ತೆರೆದುಕೊಂಡದ್ದು ಪಲ್ಸ್ ಪೋಲಿಯೊದ ವರ್ಷಗಳಲ್ಲಿ. 1995ರ ಡಿಸೆಂಬರ್ 9ರಂದು ಮೊದಲ ಸುತ್ತು. ಅಂಗನವಾಡಿ, ಶಾಲೆ, ಬಸ್ ನಿಲ್ದಾಣ, ಜಾತ್ರೆ, ಇಟ್ಟಿಗೆ ಗೂಡು, ಕಬ್ಬು ಕಡಿಯುವವರ ಗುಡಿಸಲು, ಎಲ್ಲೆಲ್ಲೂ ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ. ರೋಟರಿಯವರು, ಕಾಲೇಜು ಹುಡುಗರು, ಮಠ ಮಸೀದಿ ಚರ್ಚುಗಳ ಹಿರಿಯರು ಜೊತೆಗೆ ನಿಂತರು.

ಹನಿಯಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಜನರಿಗೆ ಕಾಣಿಸುತ್ತಿರಲಿಲ್ಲ. ಹದಿನೈದು ವರ್ಷದೊಳಗಿನ ಯಾವ ಮಗುವಿಗಾದರೂ ಕೈಕಾಲು ಇದ್ದಕ್ಕಿದ್ದಂತೆ ಸೋತು ಜೋಲು ಬಿದ್ದರೆ, ಕಾರಣ ಏನೇ ಇರಲಿ, ವೈದ್ಯರು ಕೂಡಲೇ ತಿಳಿಸಬೇಕಿತ್ತು. ಹದಿನಾಲ್ಕು ದಿನದೊಳಗೆ, ಒಂದು ದಿನದ ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆದು ಕಳಿಸಬೇಕಿತ್ತು. ಅಂಥ ಮಗು ಮೊದಲು ಬರುವುದು ಬಹಳ ಸಲ ಖಾಸಗಿ ಕ್ಲಿನಿಕ್ಕಿಗೆ. ಅಲ್ಲಿಂದ ಹೋದ ಒಂದು ಫೋನ್ ಕರೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ದೇಶದ ಕೊನೆಯ ಪೋಲಿಯೊ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಬಂತು. ಅದರಲ್ಲಿ ಆಶಾ ಕಾರ್ಯಕರ್ತೆಯ ಸವೆದ ಚಪ್ಪಲಿಗೂ, ಹೊತ್ತಿಗೆ ಸರಿಯಾಗಿ ಫೋನ್ ಮಾಡಿದ ಕ್ಲಿನಿಕ್ ವೈದ್ಯರಿಗೂ ಸಮಪಾಲಿದೆ.

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಒಂದು ಚುಚ್ಚು. ವಾಟ್ಸ್ಆ್ಯಪಿನಲ್ಲಿ ಗಾಳಿಸುದ್ದಿ ಹರಡಿದಾಗ ಶಾಲೆಯ ನೋಟಿಸು ಹಿಡಿದು ತಂದೆತಾಯಿ ಓಡಿ ಬಂದದ್ದು ನಮ್ಮ ಬೆಂಚುಗಳಿಗೆ. “ಮೊದಲೇ ಹಾಕಿಸಿದೀವಲ್ಲ ಡಾಕ್ಟ್ರೇ, ಮತ್ತೆ ಹಾಕಿಸ್ಬೇಕಾ?” “ಹಾಕಿಸಿ, ಒಂದು ಹೆಚ್ಚಾದರೆ ತೊಂದರೆಯಿಲ್ಲ” ಎಂಬ ಮನೆಯ ಡಾಕ್ಟರ ಮಾತಿಗೆ ಸರ್ಕಾರಿ ಜಾಹೀರಾತಿಗಿಂತ ಹೆಚ್ಚು ಬೆಲೆ ಬಂತು.

ಒಂದು ಮಗು, ಎರಡು ಕಾರ್ಡು

ಇಷ್ಟೆಲ್ಲ ಒಟ್ಟಿಗೆ ಮಾಡಿದವರು ದಿನನಿತ್ಯದ ಕೆಲಸದಲ್ಲಿ ಮತ್ತೆ ದೂರವಾಗುತ್ತಿದ್ದೇವೆ. ಅದು ಕಾಣುವುದು ಕಾರ್ಡುಗಳಲ್ಲಿ. ನಮ್ಮ ಕಡೆ ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲಿ. ಮೊದಲ ಬಿಸಿಜಿ, ಹನಿ, ಆರು ವಾರದ ಚುಚ್ಚು ತವರಿನ ಉಪಕೇಂದ್ರದಲ್ಲಿ. ಅದು ಸರ್ಕಾರ ಕೊಡುವ ತಾಯಿ ಕಾರ್ಡಿನಲ್ಲಿದೆ. ಐದನೇ ತಿಂಗಳಲ್ಲಿ ಮಗು ಗಂಡನ ಮನೆಗೆ ಬರುತ್ತದೆ; ಮುಂದಿನದು ಕ್ಲಿನಿಕ್ಕಿನಲ್ಲಿ; ಅದು ಕ್ಲಿನಿಕ್ಕು ಕೊಡುವ ಬಣ್ಣದ ಪುಸ್ತಕದಲ್ಲಿದೆ. ತಾಯಿ ಕಾರ್ಡು ತವರಿನ ಟ್ರಂಕಿನಲ್ಲೇ ಉಳಿಯುತ್ತದೆ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಮಗು ತಪ್ಪಿಸಿಕೊಂಡದ್ದು. ಕ್ಲಿನಿಕ್ಕಿನ ಪುಸ್ತಕದಲ್ಲಿ ಅರ್ಧ ಖಾಲಿ. ಒಂದೂವರೆ ವರ್ಷದ ಬೂಸ್ಟರ್, ಐದು ವರ್ಷದ ಬೂಸ್ಟರ್ ಯಾರ ಲೆಕ್ಕಕ್ಕೂ ಬಾರದೆ ಹೋಗುತ್ತವೆ.

ಇದರ ಬೆಲೆ ಸಣ್ಣದಲ್ಲ. ಕೇರಳದಲ್ಲಿ, ನಮ್ಮ ಉತ್ತರ ಕರ್ನಾಟಕದಲ್ಲಿ ಗಂಟಲುಮಾರಿ ಮತ್ತೆ ತಲೆಯೆತ್ತಿದ್ದನ್ನು ವೈದ್ಯರು ಕಂಡಿದ್ದಾರೆ. ಬೂಸ್ಟರ್ ತಪ್ಪಿದ ಶಾಲೆಯ ವಯಸ್ಸಿನ ಮಕ್ಕಳು ಅದಕ್ಕೆ ಸುಲಭವಾಗಿ ಸಿಗುತ್ತಾರೆ. ಕುದುರೆಯ ರಕ್ತದಿಂದ ತಯಾರಾಗುವ ಅದರ ಪ್ರತಿವಿಷ ಬೇಕೆಂದಾಗ ಸುಲಭವಾಗಿ ಸಿಗುವುದಿಲ್ಲ. ಲಸಿಕೆ ಪ್ರತಿ ಗುರುವಾರ ಉಚಿತವಾಗಿ ಸಿಗುತ್ತದೆ.

ಕ್ಲಿನಿಕ್ಕಿಗೆ ಬರುವ ಎಷ್ಟೋ ತಾಯಂದಿರು ‘ನೋವಿಲ್ಲದ ಇಂಜೆಕ್ಷನ್’ ಕೇಳುತ್ತಾರೆ. ಡಿಪಿಟಿಯ ಆ ದುಬಾರಿ ರೂಪದಿಂದ ಜ್ವರ ಕಡಿಮೆ ಬರುತ್ತದೆಂಬುದು ನಿಜ. ಸರ್ಕಾರಿ ಕಾರ್ಯಕ್ರಮದ ಲಸಿಕೆ ನಾಯಿಕೆಮ್ಮಿನ ವಿರುದ್ಧ ಹೆಚ್ಚು ಕಾಲ ರಕ್ಷಣೆ ಕೊಡುತ್ತದೆಂಬುದೂ ನಿಜ. ಎರಡನ್ನೂ ಹೇಳುವುದು ವೈದ್ಯನ ಧರ್ಮ. ಅಗ್ಗದ್ದು ಕಳಪೆ ಎಂಬ ಭಾವನೆ ನಮ್ಮ ಮೌನದಿಂದ ಬೆಳೆಯಬಾರದು. ದುಬಾರಿ ಲಸಿಕೆಗೆ ದುಡ್ಡು ಹೊಂದಿಸಲಾಗದೆ ತಿಂಗಳುಗಟ್ಟಲೆ ತಡಮಾಡುವ ಕೂಲಿಕಾರ ತಾಯಿಗೆ “ಗುರುವಾರ ಆಸ್ಪತ್ರೆಗೆ ಹೋಗಮ್ಮ, ಅಲ್ಲಿಯ ಲಸಿಕೆಯೂ ಅಷ್ಟೇ ಒಳ್ಳೇದು” ಎಂದು ಚೀಟಿ ಬರೆದುಕೊಡುವ ವೈದ್ಯರು ನಮ್ಮಲ್ಲಿದ್ದಾರೆ. ಈ ಸಂಚಿಕೆ ನೆನೆಯಬೇಕಾದದ್ದು ಅವರನ್ನು.

ಆದ್ದರಿಂದ ವೃತ್ತಿಬಾಂಧವರಲ್ಲಿ ನನ್ನ ವಿನಂತಿ. ಮಗು ಯಾವ ಕಾಯಿಲೆಗೆ ಬಂದಿದ್ದರೂ ತಾಯಿ ಕಾರ್ಡು ಕೇಳಿ. ನೀವು ಹಾಕಿದ ಪ್ರತಿ ಲಸಿಕೆಯನ್ನೂ ಅದರಲ್ಲೇ ದಿನಾಂಕದೊಂದಿಗೆ ಬರೆಯಿರಿ. ಲಸಿಕೆಯ ಡಿಜಿಟಲ್ ದಾಖಲೆಯಾದ ಯು-ವಿನ್‌ನಲ್ಲೂ ಸೇರಿಸಿ. ಜ್ವರದೊಂದಿಗೆ ದದ್ದು, ಗಂಟಲಲ್ಲಿ ಬಿಳಿ ಪೊರೆ, ಜೋಲುಬಿದ್ದ ಕಾಲು ಕಂಡ ದಿನವೇ ಆರೋಗ್ಯ ಇಲಾಖೆಗೆ ತಿಳಿಸಿ. ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯ ಫೋನ್ ನಂಬರು ನಿಮ್ಮ ಮೇಜಿನ ಮೇಲಿರಲಿ. ತಾಯಂದಿರಲ್ಲಿಯೂ ಒಂದು ಮಾತು: ತವರಿನಿಂದ ಹೊರಡುವಾಗ ಮಗುವಿನ ತೊಟ್ಟಿಲ ಬಟ್ಟೆಯ ಜೊತೆ ಆ ಕಾರ್ಡನ್ನೂ ಮರೆಯದೆ ತನ್ನಿ, ಹತ್ತು ಮತ್ತು ಹದಿನಾರನೇ ವರ್ಷದ ಚುಚ್ಚು ಮುಗಿಯುವವರೆಗೂ ಅದನ್ನು ಕಾಪಾಡಿ. ಒಂದು ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬಹುದು. ಬರುವ ಗುರುವಾರವೇ ಹೋಗಿ.