ಬ್ರೇಕ್ ಒತ್ತೋದು ಎಲ್ಲರಿಗೂ ಗೊತ್ತು, ಬಿಡೋದು?

ಇವತ್ತಿನ ಕಂತನ್ನ ನನ್ನದೇ ಒಂದು ಅವಮಾನದಿಂದ ಶುರು ಮಾಡ್ತೀನಿ.

ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳ್ಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಅಂತ ಒಂದು ರೇಸ್ ಟ್ರ್ಯಾಕ್ ಇದೆ. ಉದ್ದ ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೆಂಗಳೂರಿನಿಂದ ರಾತ್ರಿ ಹೊರಟು, ಸೇಲಂ ದಾಟಿ, ಬೆಳಗಿನ ಕಾಫಿ ಹೊತ್ತಿಗೆ ಅಲ್ಲಿದ್ದೆ. ಟ್ರ್ಯಾಕ್ ಡೇ. ಅಂದ್ರೆ ರೇಸ್ ಅಲ್ಲ. ಬಹುಮಾನ ಇಲ್ಲ, ಗೆದ್ದವರಿಲ್ಲ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕ್ಕೊಂಡು, ನಿಮ್ಮದೇ ಕಾರನ್ನ ಇಪ್ಪತ್ತು ನಿಮಿಷ ಜೋರಾಗಿ ಓಡಿಸಬಹುದು. ಓವರ್‌ಟೇಕ್ ನೇರ ದಾರೀಲಿ ಮಾತ್ರ, ಅದೂ ಮುಂದಿನವನು ಕೈ ತೋರಿಸಿದ ಮೇಲೆ. ಪಕ್ಕದ ಶೆಡ್‌ನಲ್ಲಿ ಪೋರ್ಷೆ ನಿಂತಿತ್ತು. ನನ್ನದು ಇನ್ನೂ ಇಎಂಐ ತೀರದ ಪೋಲೊ.

ಮೂರನೇ ಸುತ್ತಿನಲ್ಲಿ ಒಂದು ಬಲ ತಿರುವಿಗೆ ಸ್ವಲ್ಪ ಜಾಸ್ತಿ ವೇಗದಲ್ಲಿ ನುಗ್ಗಿದೆ. ಹೆದರಿಕೆ ಆಯ್ತು. ಹೆದರಿದಾಗ ಎಲ್ಲರೂ ಮಾಡೋದನ್ನೇ ಮಾಡಿದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಬ್ರೇಕ್ ಮೇಲೆ ಇಟ್ಟೆ. ಹಿಂದಿನ ಚಕ್ರಗಳು ಹಗುರವಾಗಿ, ಕಾರು ಗಿರಕಿ ಹೊಡೆದು, ಹುಲ್ಲಿನ ಮೇಲೆ ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಗೀರು ಕೂಡ ಇಲ್ಲ. ಆದ್ರೆ ಒಂದು ವಿಷಯ ಹೇಳ್ತೀನಿ, ನೆನಪಿಟ್ಟುಕೊಳ್ಳಿ: ನಿಮ್ಮ ಮಾಮೂಲಿ ಕಾರ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಪರಿಹಾರ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ. ಹುಲ್ಲಿನ ಮೇಲೆ ಕೂತಾಗ ನನಗೆ ಮೊದಲು ನೆನಪಾಗಿದ್ದು ಅದೇ.

ಪಕ್ಕದ ಸೀಟಿನಲ್ಲಿದ್ದ ತರಬೇತುದಾರರು ಹಿರಿಯರು, ಅರ್ಧ ತಮಿಳು ಅರ್ಧ ಕನ್ನಡ. ಬೈಯಲಿಲ್ಲ. "ತಂಬಿ, ಬ್ರೇಕ್ ಒತ್ತೋದು ನಿಂಗೆ ಬರುತ್ತೆ. ಬಿಡೋದು ಬರಲ್ಲ" ಅಂದ್ರು.

ಆ ಒಂದು ಮಾತು ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಇವತ್ತಿನ ಕಥೆ.

ದುಡ್ಡು ಕೊಟ್ಟು ರೇಸ್ ಟ್ರ್ಯಾಕಿನಲ್ಲಿ ಸ್ವಂತ ಗಾಡಿ ಓಡಿಸೋದು ಹೊಸ ಶೋಕಿ ಅಂದ್ಕೊಂಡಿದ್ದೆ. ಅಲ್ಲ. ಜರ್ಮನಿಯ ಐಫೆಲ್ ಬೆಟ್ಟಗಳಲ್ಲಿ ನ್ಯೂರ್‌ಬರ್ಗ್‌ರಿಂಗ್ ಶುರುವಾಗಿದ್ದು 1927ರಲ್ಲಿ. ಆ ಬಡ ಸೀಮೆಯ ನಿರುದ್ಯೋಗಿಗಳಿಗೆ ಕೆಲಸ ಕೊಡೋದು ಕೂಡ ಅದನ್ನ ಕಟ್ಟಿದ್ದರ ಒಂದು ಉದ್ದೇಶ. ರೇಸ್ ಇಲ್ಲದ ಹೊತ್ತಿನಲ್ಲಿ ಜನಸಾಮಾನ್ಯರು ಟೋಲ್ ಕಟ್ಟಿ ಅದರ ಮೇಲೆ ಓಡಿಸಬಹುದಿತ್ತು, ಒನ್ ವೇ ರಸ್ತೆ ಥರ. ಇವತ್ತಿಗೂ ಓಡಿಸಬಹುದು. ಅದರ ಉತ್ತರದ ಸುತ್ತು 20.8 ಕಿಲೋಮೀಟರ್, 70ಕ್ಕೂ ಹೆಚ್ಚು ತಿರುವು. ಬೆಟ್ಟ ಹತ್ತಿ ಇಳಿಯೋ ಆ ದಾರೀನ ನೋಡಿದ್ರೆ ನಮ್ಮ ಚಾರ್ಮಾಡಿ ಘಾಟಿ ನೆನಪಾಗುತ್ತೆ, ಎದುರಿಗೆ ಬಸ್ಸು ಬರಲ್ಲ ಅನ್ನೋದೊಂದು ಬಿಟ್ಟು.

ಆದ್ರೆ ಓಡಿಸೋಕೆ ಜಾಗ ಸಿಕ್ಕ ಮಾತ್ರಕ್ಕೆ ಓಡಿಸೋ ವಿದ್ಯೆ ಸಿಗಲಿಲ್ಲ. ಆ ಕಾಲದ ದೊಡ್ಡ ಚಾಲಕರನ್ನ ಜನ ನೋಡ್ತಿದ್ದ ರೀತಿಯೇ ಬೇರೆ. ಇಟಲಿಯ ತಾಜಿಯೊ ನುವೊಲಾರಿ 1935ರಲ್ಲಿ ಇದೇ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಹಳೇ ಆಲ್ಫಾ ರೋಮಿಯೊ ಹಿಡಿದು, ಮರ್ಸಿಡಿಸ್ ಮತ್ತು ಆಟೊ ಯೂನಿಯನ್ ತಂಡಗಳನ್ನ ಅವರದೇ ಊರಲ್ಲಿ ಸೋಲಿಸಿದ. ಸಪೂರ ಟೈರ್, ನಾಲ್ಕೂ ಚಕ್ರ ಜಾರಿಸ್ತಾ ತಿರುಗಿಸೋ ಕಲೆ. ನೋಡಿದವರು ಧೈರ್ಯ ಅಂದ್ರು, ಹುಟ್ಟುಗುಣ ಅಂದ್ರು. ಹುಟ್ಟುಗುಣವನ್ನ ಯಾರಿಗೂ ಪಾಠ ಮಾಡೋಕೆ ಆಗಲ್ಲ ಅಲ್ವಾ?

ಪಾಠ ಮಾಡಬಹುದು ಅಂತ ತೋರಿಸಿದವರಲ್ಲಿ ನನಗೆ ತುಂಬಾ ಇಷ್ಟವಾದವರು ಪಿಯೆರೊ ತರುಫಿ. ರೋಮ್ ನಗರದವರು, ಓದಿದ್ದು ಎಂಜಿನಿಯರಿಂಗ್, ಕೂದಲು ಬೇಗ ನರೆತು 'ಬೆಳ್ಳಿ ನರಿ' ಅಂತ ಹೆಸರು ಬಿದ್ದಿತ್ತು. 1957ರಲ್ಲಿ, 50ನೇ ವಯಸ್ಸಿನಲ್ಲಿ, ಇಟಲಿಯ ರಸ್ತೆಗಳ ಮೇಲೆ ನಡೀತಿದ್ದ ಮಿಲ್ಲೆ ಮಿಲ್ಯಾ ರೇಸನ್ನ ಫೆರಾರಿಯಲ್ಲಿ ಗೆದ್ದರು. ಗೆದ್ದರೆ ರೇಸಿಂಗ್ ಬಿಡ್ತೀನಿ ಅಂತ ಹೆಂಡತಿಗೆ ಮಾತು ಕೊಟ್ಟಿದ್ದರಂತೆ, ಬಿಟ್ಟರು. ಅದೇ ದಿನ ಇನ್ನೊಂದು ಫೆರಾರಿಯ ಟೈರ್ ಸಿಡಿದು, ಚಾಲಕ ದೆ ಪೋರ್ತಾಗೊ, ಅವರ ಜೊತೆಗಾರ, ರಸ್ತೆ ಪಕ್ಕ ನಿಂತಿದ್ದ ಒಂಬತ್ತು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಆ ರೂಪದ ಮಿಲ್ಲೆ ಮಿಲ್ಯಾ ಅಲ್ಲಿಗೆ ಮುಗಿಯಿತು.

ಅದರ ನಂತರ ತರುಫಿಯವರ ಪುಸ್ತಕ ಇಂಗ್ಲಿಷಿನಲ್ಲಿ ಬಂತು, ಹೆಸರು 'ದಿ ಟೆಕ್ನಿಕ್ ಆಫ್ ಮೋಟಾರ್ ರೇಸಿಂಗ್'. ಅವರಿಗೆ ತಿರುವು ಅಂದ್ರೆ ರೇಖಾಗಣಿತ. ಬನ್ನಿ, ಒಂದು ಲೆಕ್ಕ ಮಾಡೋಣ, ಹೈಸ್ಕೂಲ್ ಫಿಸಿಕ್ಸ್ ಸಾಕು. ಒಳ್ಳೆ ಒಣ ರಸ್ತೆ, 50 ಮೀಟರ್ ತ್ರಿಜ್ಯದ ತಿರುವು. ಟೈರ್ ಹಿಡಿತ ಪೂರ್ತಿ ಬಳಸಿದ್ರೆ ಹೆಚ್ಚು ಅಂದ್ರೆ ಗಂಟೆಗೆ 80 ಕಿಲೋಮೀಟರ್ ಹೋಗಬಹುದು. ಈಗ ತಿರುವಿನ ಒಳಗೇ ತಬ್ಬಿಕೊಂಡು ಹೋಗೋ ಬದಲು ಹೊರಗಿನ ಅಂಚಿನಿಂದ ಶುರು ಮಾಡಿ, ಮಧ್ಯದಲ್ಲಿ ಒಳ ಅಂಚನ್ನ ಮುಟ್ಟಿ, ಮತ್ತೆ ಹೊರಗಿನ ಅಂಚಿಗೆ ಬನ್ನಿ. ತ್ರಿಜ್ಯ 70 ಮೀಟರ್ ಆಯ್ತು ಅಂದ್ಕೊಳ್ಳಿ. ವೇಗ 94. ಅದೇ ಕಾರು, ಅದೇ ಟೈರು, ಅದೇ ಧೈರ್ಯ. ಬರೀ ಗೆರೆ ಬದಲಾಯಿತು, 14 ಕಿಲೋಮೀಟರ್ ಪುಕ್ಕಟೆ ಸಿಕ್ಕಿತು.

ಇದನ್ನ ಮೊದಲ ಸಲ ಕಾಗದದ ಮೇಲೆ ಮಾಡಿದಾಗ ನನಗೆ ಸ್ವಲ್ಪ ಬೇಜಾರೇ ಆಯ್ತು. ಇಷ್ಟು ದಿನ ನಾನು ಎದೆಗಾರಿಕೆ ಅಂದ್ಕೊಂಡಿದ್ದು ವರ್ಗಮೂಲವಾಗಿತ್ತು.

ಇಂಗ್ಲೆಂಡಿನಲ್ಲಿ ಎರಡನೇ ಮಹಾಯುದ್ಧ ಮುಗಿದಾಗ ನೂರಾರು ವಾಯುನೆಲೆ ಖಾಲಿ ಬಿದ್ದಿದ್ದವು. ಸಿಲ್ವರ್‌ಸ್ಟೋನ್, ಗುಡ್‌ವುಡ್, ಸ್ನೆಟರ್ಟನ್, ಎಲ್ಲಾ ಹಾಗೆ ಹುಟ್ಟಿದ ಟ್ರ್ಯಾಕ್‌ಗಳೇ. ಸಮತಟ್ಟು ಬಯಲು, ತಪ್ಪಿದ್ರೆ ಗುದ್ದೋಕೆ ಮರ ಇಲ್ಲ, ಕಲಿಯೋಕೆ ಹೇಳಿ ಮಾಡಿಸಿದ ಜಾಗ. 1950ರ ದಶಕದ ಕೊನೆಯಲ್ಲಿ ಜಿಮ್ ರಸೆಲ್ ಸ್ನೆಟರ್ಟನ್‌ನಲ್ಲಿ ರೇಸಿಂಗ್ ಚಾಲಕರ ಶಾಲೆಯನ್ನೇ ತೆರೆದರು. ನಮ್ಮಲ್ಲೂ ಕಥೆ ಅದೇ. ಚೆನ್ನೈ ಹತ್ತಿರದ ಷೋಲಾವರಂ ಯುದ್ಧಕಾಲದ ಏರ್‌ಸ್ಟ್ರಿಪ್, ದಶಕಗಳ ಕಾಲ ದಕ್ಷಿಣ ಭಾರತದ ರೇಸಿಂಗ್ ಅಂದ್ರೆ ಅದೇ. ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಕೂಡ ಅಲ್ಲಿ ಹಳೇ ಫಾರ್ಮುಲಾ ಒನ್ ಕಾರ್ ಓಡಿಸಿದ್ದರು. ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 1992ರಲ್ಲಿ ಫ್ರಾನ್ಸಿನ ವಿನ್‌ಫೀಲ್ಡ್ ರೇಸಿಂಗ್ ಶಾಲೆಗೆ ಹೋದರು, 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ ಆದರು. ಅಂದಹಾಗೆ ನಾನು ಗಿರಕಿ ಹೊಡೆದ ಟ್ರ್ಯಾಕಿನ ಹೆಸರಿನಲ್ಲಿರೋ 'ಕರಿ' ಅಂದ್ರೆ ಎಸ್. ಕರಿವರ್ಧನ್. ಮಾರುತಿ 800ರ ಎಂಜಿನ್ ಇಟ್ಟು ಕಡಿಮೆ ಖರ್ಚಿನ ರೇಸ್ ಕಾರ್ ಕಟ್ಟಿದವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಮೇಲೆ ಒಂದು ಪೂರ್ತಿ ಕಂತು ಮಾಡಬೇಕು.

ಶಾಲೆಗಳು ಹೊಸಬರಿಗೆ ಹೇಳಿಕೊಟ್ಟ ಮೊದಲ ಪಾಠ: ನೇರ ದಾರಿಯಲ್ಲೇ ಬ್ರೇಕ್ ಮುಗಿಸು, ಆಮೇಲೆ ಸ್ಟೀರಿಂಗ್ ತಿರುಗಿಸು, ಆಮೇಲೆ ಗ್ಯಾಸ್. ನಿಧಾನವಾಗಿ ಒಳಗೆ, ಜೋರಾಗಿ ಹೊರಗೆ. ಇವತ್ತೂ ಹೊಸಬರಿಗೆ ಇದೇ ಸರಿ. ಇನ್ನೊಂದು ಗೊಂದಲ ಇದೆ. ಘಾಟಿ ಇಳಿಯುವಾಗ ನಮ್ಮ ಕೆಎಸ್‌ಆರ್‌ಟಿಸಿ ಡ್ರೈವರಣ್ಣ ಗೇರ್ ಕಡಿಮೆ ಮಾಡಿ ಎಂಜಿನ್‌ನಿಂದಲೇ ಬಸ್ ಹಿಡೀತಾರೆ. ಅದು ಸರಿ, ಬ್ರೇಕ್ ಕಾಯಬಾರದು. ಹಳೇ ಡ್ರಮ್ ಬ್ರೇಕ್ ಕಾಲದ ರೇಸ್ ಕಾರುಗಳಿಗೂ ಅದೇ ಗತಿ ಇತ್ತು. 1953ರಲ್ಲಿ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದ ಮೇಲೆ ಲೆಕ್ಕ ಬದಲಾಯಿತು. ಟ್ರ್ಯಾಕಿನಲ್ಲಿ ನಿಲ್ಲಿಸೋಕೆ ಬ್ರೇಕ್, ಹೋಗೋಕೆ ಗೇರ್.

ಇನ್ನು ಬ್ರೇಕ್ 'ಬಿಡೋ' ವಿಷಯ. ಅಮೆರಿಕದ ಮಾರ್ಕ್ ಡೊನಹ್ಯೂ, ಅವರೂ ಎಂಜಿನಿಯರ್, 1972ರ ಇಂಡಿ 500 ಗೆದ್ದವರು. ಟೈರ್ ಹಿಡಿತವನ್ನ ಒಂದು ವೃತ್ತದ ಹಾಗೆ ನೋಡೋದನ್ನ ಚಾಲಕರ ಭಾಷೆಗೆ ತಂದವರಲ್ಲಿ ಒಬ್ಬರು. ಟೈರ್ ಹತ್ರ ಇರೋ ಹಿಡಿತ 100 ಅಂದ್ಕೊಳ್ಳಿ. ಬ್ರೇಕಿಗೆ 60 ಕೊಟ್ಟರೆ ತಿರುಗೋಕೆ ಎಷ್ಟು ಉಳಿಯುತ್ತೆ? 40 ಅಂತೀರಾ? ಅಲ್ಲ, 80. ಯಾಕಂದ್ರೆ ಎರಡು ಬಲಗಳು ಒಂದಕ್ಕೊಂದು ಲಂಬ, ಲೆಕ್ಕ ಪೈಥಾಗೊರಸ್‌ನದು. ಹಾಗಾಗಿ ತಿರುವಿನ ಒಳಗೂ ಸ್ವಲ್ಪ ಬ್ರೇಕ್ ಹಿಡ್ಕೊಂಡು ಹೋಗಬಹುದು. ಆದ್ರೆ ಸ್ಟೀರಿಂಗ್ ಹೆಚ್ಚಾದ ಹಾಗೆ ಬ್ರೇಕ್ ಮೆಲ್ಲಗೆ ಕಮ್ಮಿ ಆಗ್ತಾ ಬರಬೇಕು, ಹಾಲು ಉಕ್ಕದ ಹಾಗೆ ಉರಿ ಇಳಿಸ್ತೀವಲ್ಲ ಹಾಗೆ. ಪಟ್ಟಂತ ಬಿಟ್ಟರೆ ಮೂತಿ ಮೇಲೆದ್ದು ಮುಂದಿನ ಟೈರ್ ಹಿಡಿತ ಕಳ್ಕೊಳುತ್ತೆ. ತಿರುವಿನ ಮಧ್ಯೆ ಪಟ್ಟಂತ ಒತ್ತಿದ್ರೆ ಏನಾಗುತ್ತೆ ಅಂತ ಆಗಲೇ ಹೇಳಿದೆ. ಇಷ್ಟೆಲ್ಲಾ ಲೆಕ್ಕ ಗೊತ್ತಿದ್ದ ಡೊನಹ್ಯೂ 1975ರ ಆಗಸ್ಟ್‌ನಲ್ಲಿ ಆಸ್ಟ್ರಿಯಾದಲ್ಲಿ ರೇಸ್‌ಗೆ ಮುಂಚಿನ ಅಭ್ಯಾಸದಲ್ಲಿ ಟೈರ್ ಕೈಕೊಟ್ಟು ಅಪಘಾತವಾಗಿ ತೀರಿಕೊಂಡರು. ವಯಸ್ಸು 38.

ಮಧ್ಯಾಹ್ನದ ಸೆಷನ್‌ನಲ್ಲಿ ನಮ್ಮ ತರಬೇತುದಾರರು ನನಗೆ ವೇಗವಾಗಿ ಹೋಗೋಕೆ ಬಿಡಲೇ ಇಲ್ಲ. ಅದೇ ಬಲ ತಿರುವಿಗೆ ಹತ್ತು ಕಿಲೋಮೀಟರ್ ಕಡಿಮೆ ವೇಗ, ಬ್ರೇಕ್ ಬಿಡೋದು ಮಾತ್ರ ಅಭ್ಯಾಸ. "ಕಣ್ಣು ಹೊರಗಿನ ಅಂಚಿಗೆ, ತಂಬಿ. ಬಾನೆಟ್ ನೋಡಬೇಡ." ಎಂಟೋ ಒಂಬತ್ತೋ ಸಲ ಆದ ಮೇಲೆ ಒಂದು ಸಲ ಕಾರು ತಾನಾಗಿ ತಿರುಗಿದ ಹಾಗೆ ತಿರುಗಿತು. ಫೋನಿನ ಲ್ಯಾಪ್ ಟೈಮರ್ ಆಮೇಲೆ ತೋರಿಸಿದ್ದು: ಬೆಳಿಗ್ಗೆ ಹಲ್ಲು ಕಚ್ಚಿ ಓಡಿಸಿದ್ದಕ್ಕಿಂತ ಆ ಸುತ್ತೇ ಬೇಗ.

ವಾಪಸ್ ಬರ್ತಾ ಕೃಷ್ಣಗಿರಿ ಹತ್ರ ಚಹಾಕ್ಕೆ ನಿಲ್ಲಿಸಿ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಎರಡು ಮಳೆಗಾಲದ ಹಿಂದೆ ಚಾರ್ಮಾಡಿಯಲ್ಲಿ ಕಾರು ಗುಡ್ಡದ ಬದಿಯ ಚರಂಡಿಗೆ ಬಿದ್ದು ಅವನ ಕಾಲಿಗೆ ರಾಡ್ ಹಾಕಿದ್ದಾರೆ. ಮನೇಲಿ ಎಲ್ಲರೂ ಅವನಿಗೆ ಹೇಳಿದ್ದು ಒಂದೇ, ಸ್ಪೀಡ್, ಸ್ಪೀಡ್. ಅವನು ಮಾತ್ರ "ಜಾಸ್ತಿ ಇರಲಿಲ್ಲ ಕಣೋ, ಅರವತ್ತೇ ಇತ್ತು" ಅಂತಾನೇ ಇದ್ದ. ನಾವ್ಯಾರೂ ನಂಬಿರಲಿಲ್ಲ. ಆದ್ರೆ ತರುಫಿ ಲೆಕ್ಕವನ್ನ ಮಳೆಗೆ ಹಾಕಿ ನೋಡಿ. ಅದೇ 50 ಮೀಟರ್ ತಿರುವು, ಹಿಡಿತ ಅರ್ಧ. ಮಿತಿ 80ರಿಂದ 40ಕ್ಕೆ ಇಳಿಯಲ್ಲ, 56ಕ್ಕೆ ಇಳಿಯುತ್ತೆ. ಅರವತ್ತು ಅದಕ್ಕಿಂತ ಬರೀ ನಾಲ್ಕು ಜಾಸ್ತಿ.

ನಾನು ಅವನನ್ನ ಕೇಳಿದೆ, "ತಿರುವಿನ ಮಧ್ಯೆ ಬ್ರೇಕ್ ಹೊಡೆದ್ಯಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೊಡೆಯದೆ ಇನ್ನೇನು ಮಾಡ್ಬೇಕಿತ್ತೋ?" ಅಂದ.

ಮುಂದಿನ ಟ್ರ್ಯಾಕ್ ಡೇಗೆ ಇಬ್ಬರ ಹೆಸರು ಬರೆಸಿದ್ದೀನಿ. ಅವನು ಓಡಿಸ್ತಾನೋ ಪಕ್ಕದಲ್ಲಿ ಕೂರ್ತಾನೋ ಇನ್ನೂ ಹೇಳಿಲ್ಲ.